ಕಲ್ಯಾಣದಿಂದ ಸಂಗಮಕ್ಕೆ: ಬಸವಣ್ಣನವರು ವಾಪಸ್ ಬಂದ ದಾರೀಲಿ ಸಣ್ಣಮಾವನ ಜೊತೆ

ಬಸವಣ್ಣನವರ ಊರುಗಳನ್ನ ನೋಡೋಕೆ ಹೋಗೋರು ಹೆಚ್ಚಾಗಿ ಬಾಗೇವಾಡಿಯಿಂದ ಶುರು ಮಾಡ್ತಾರೆ, ಹುಟ್ಟಿದ ಊರು ಅದು, ಆಮೇಲೆ ವಿದ್ಯೆ ಕಲಿತ ಕೂಡಲಸಂಗಮ, ಕೊನೆಗೆ ಕಲ್ಯಾಣ. ನಾವು ಉಲ್ಟಾ ಹೋದ್ವಿ, ಮೊದಲು ಕಲ್ಯಾಣ, ಕೊನೆಗೆ ಸಂಗಮ. ಇದು ಅಮ್ಮನ ಪ್ಲಾನು. "ಎಲ್ಲಾ ಕಳ್ಕೊಂಡ ಮೇಲೆ ಬಸವಣ್ಣ ಯಾವ ದಾರೀಲಿ ವಾಪಸ್ ಬಂದ್ರೋ ಆ ದಾರೀಲಿ ನಿನ್ನ ಸಣ್ಣಮಾವನ್ನ ಒಂದ್ಸಲ ಕರ್ಕೊಂಡು ಹೋಗೋಣ" ಅಂತ ಅಮ್ಮ ತುಂಬಾ ದಿನದಿಂದ ಹೇಳ್ತಾನೇ ಇದ್ರು.

ಸಣ್ಣಮಾವನ ವಿಷಯ ಸ್ವಲ್ಪ ಹೇಳ್ಬೇಕು. ಹಾವೇರಿ ಜಿಲ್ಲೆಯ ಒಂದು ಹಳ್ಳೀಲಿ ಕಮತ. ಅಜ್ಜ ಹೋದ ಮೇಲೆ ಹೊಲ ಪಾಲಾಯ್ತು, ಬೋರ್‌ವೆಲ್ ಇದ್ದ ಕಡೆ ಬದು ದೊಡ್ಡಮಾವನ ಪಾಲಿಗೆ ಸ್ವಲ್ಪ ಜಾಸ್ತಿ ಹೋಯ್ತು ಅನ್ನೋದು ಇವರ ವಾದ, ಅಳತೆ ಸರಿಯಾಗೇ ಆಗಿದೆ ಅನ್ನೋದು ಅವರ ವಾದ. ಅಲ್ಲಿಂದ ಇಬ್ಬರಿಗೂ ಮಾತಿಲ್ಲ. ಮೆಕ್ಕೆಜೋಳಕ್ಕೆ ರೇಟ್ ಬಿದ್ರೂ ಅಣ್ಣನ ಶಾಪ, ಎತ್ತು ಕುಂಟಿದ್ರೂ ಅಣ್ಣನ ಕಣ್ಣು, ಮಗನಿಗೆ ಕೆಲಸ ಸಿಗದಿದ್ರೂ ಅಣ್ಣನೇ ಕಾರಣ. ದಿನಾ ಬೆಳಗ್ಗೆ ವಿಭೂತಿ ಧರಿಸಿ ಲಿಂಗಪೂಜೆಗೆ ಕೂರ್ತಾರೆ, ಎದ್ದು ಚಹಾ ಕುಡಿಯೋವಾಗ ಬೈಗುಳ ಶುರು. ಅಮ್ಮ ಇಬ್ಬರಿಗೂ ಒಬ್ಬಳೇ ತಂಗಿ. ಒಬ್ಬರ ಮನೇಲಿ ಊಟ ಮಾಡಿದ್ರೆ ಇನ್ನೊಬ್ಬರಿಗೆ ಮುಖ ತೋರ್ಸೋಕೆ ಕಷ್ಟ, ಹಬ್ಬಕ್ಕೆ ತವರಿಗೆ ಹೋಗೋದನ್ನೇ ನಿಲ್ಲಿಸಿಬಿಟ್ಟಿದ್ರು. ಅದರ ನೋವು ಎಷ್ಟು ಅಂತ ಮನೇಲಿದ್ದ ನಮಗೆ ಗೊತ್ತು.

ಮೊದಲನೇ ದಿನ: ಕಲಬುರಗಿ, ಕಮಲಾಪುರ, ಬಸವಕಲ್ಯಾಣ

ರಾತ್ರಿ ಬಸ್ಸಿಗೆ ದಾವಣಗೆರೆ ಬಿಟ್ಟು ಬೆಳಗ್ಗೆ ಕಲಬುರಗಿ ಸೇರಿದ್ವಿ, ಅಲ್ಲಿಂದ ಬಾಡಿಗೆ ಕಾರು. ಡ್ರೈವರ್ ಇಪ್ಪತ್ತೆರಡು ಇಪ್ಪತ್ಮೂರರ ಹುಡುಗ, ಜೇವರ್ಗಿ ಕಡೆಯವನು, ಮಾತು ಕಡಿಮೆ. ಬಸ್‌ಸ್ಟ್ಯಾಂಡ್ ಹತ್ರನೇ ಸುಸಲಾ ಮಿರ್ಚಿ ತಿಂದ್ವಿ, ಆ ಕಡೆ ಹೋದಾಗ ಇಡ್ಲಿ ದೋಸೆ ಹುಡುಕೋಕೆ ಹೋಗ್ಬೇಡಿ, ಮಂಡಕ್ಕಿ ನೆನೆಸಿ ಒಗ್ಗರಣೆ ಹಾಕಿ ಮೇಲೆ ಪುಟಾಣಿ ಪುಡಿ ಉದುರಿಸಿ ಬಿಸಿ ಮಿರ್ಚಿ ಜೊತೆ ಕೊಡ್ತಾರಲ್ಲ ಅದರ ಮುಂದೆ ಬೇರೆ ಏನೂ ಬೇಡ.

ಊರು ದಾಟಿದ್ರೆ ರಸ್ತೆಯ ಎರಡೂ ಕಡೆ ತೊಗರಿ. ಕಟಾವಿಗೆ ಬಂದ ತೊಗರಿ ಹೊಲ ಹತ್ತಿರದಿಂದ ನೋಡಿದ್ರೆ ಕಂದು ಬಣ್ಣ, ದೂರದಿಂದ ನೋಡಿದ್ರೆ ಹಸಿರು ಹಳದಿ ಎಲ್ಲಾ ಕಲೆಸಿದ ಹಾಗೆ, ಕೆಲವು ಕಡೆ ರಾಶಿ ಮಷಿನ್ ಧೂಳೆಬ್ಬಿಸ್ತಾ ಇತ್ತು. ಕಮಲಾಪುರದಲ್ಲಿ ಕಾರು ನಿಲ್ಲಿಸಿ ಕೆಂಪು ಬಾಳೆಹಣ್ಣು ತಗೊಂಡ್ವಿ. ದಪ್ಪ ಸಿಪ್ಪೆ, ಒಂದು ತಿಂದ್ರೆ ಹೊಟ್ಟೆ ತುಂಬುತ್ತೆ, ಜಿಐ ಟ್ಯಾಗ್ ಸಿಕ್ಕಿರೋ ಹಣ್ಣು. ರೇಟು ಜಾಸ್ತಿ ಅಂತ ಮಾವ ವ್ಯಾಪಾರಿ ಹೆಂಗಸಿನ ಜೊತೆ ದನಿ ಏರಿಸಿದ್ರು, ಆಕೆ ಏನೂ ಅನ್ನದೆ ಒಂದು ಹಣ್ಣು ಜಾಸ್ತಿ ಇಟ್ಟು ಕಟ್ಟಿಕೊಟ್ಳು.

ಹುಮನಾಬಾದ್ ಕಡೆಯಿಂದ ಹೈವೇ ಹಿಡಿದು ಬಸವಕಲ್ಯಾಣ ತಲುಪೋ ಹೊತ್ತಿಗೆ ಬಿಸಿಲು ಚುರುಗುಟ್ತಿತ್ತು, ಡಿಸೆಂಬರ್ ಆದ್ರೂ ಮಧ್ಯಾಹ್ನ ಟೋಪಿ ಬೇಕೇ ಬೇಕು. ಊರಿನ ಹೆಸರು ಮೊದಲು ಕಲ್ಯಾಣಿ ಅಂತಿತ್ತು, 1956ರಲ್ಲಿ ಬಸವಕಲ್ಯಾಣ ಆಯ್ತು. ದೂರದಿಂದಲೇ 108 ಅಡಿಯ ಬಸವಣ್ಣನವರ ಮೂರ್ತಿ ಕಾಣುತ್ತೆ. ಹೆಚ್ಚಿನವರು ಅಲ್ಲಿ ಫೋಟೋ ತೆಗೆದು, ಕೋಟೆ ನೋಡಿ ಹೊರಟುಬಿಡ್ತಾರೆ. ದಯವಿಟ್ಟು ಹಾಗೆ ಮಾಡ್ಬೇಡಿ. ಕಲ್ಯಾಣ ಇರೋದು ತ್ರಿಪುರಾಂತಕ ಕೆರೆ ಸುತ್ತಮುತ್ತಲಿನ ಗವಿಗಳಲ್ಲಿ, ಹಳೇ ಓಣಿಗಳಲ್ಲಿ. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಕಟ್ಟಿಸಿದ ಅನುಭವ ಮಂಟಪದಲ್ಲಿ ಸುಮ್ನೆ ಒಂದು ಗಂಟೆ ಕೂರಬೇಕು. 12ನೇ ಶತಮಾನದಲ್ಲಿ ಮಡಿವಾಳರು, ಅಂಬಿಗರು, ಹಗ್ಗ ಹೊಸೆಯೋರು, ಚಪ್ಪಲಿ ಹೊಲೆಯೋರು, ಹೆಣ್ಣುಮಕ್ಕಳು ಎಲ್ಲಾ ಒಟ್ಟಿಗೆ ಕೂತು ದೇವರ ಬಗ್ಗೆ, ತಮ್ಮ ಬಗ್ಗೆ ಮಾತಾಡಿದ ಊರಲ್ಲಿ ಕೂತಿದೀವಿ ಅನ್ನೋದು ನೆನೆಸಿಕೊಂಡ್ರೇನೇ ಮೈ ಝುಂ ಅನ್ನುತ್ತೆ.

ಅವತ್ತು ಸಂಜೆ ಬಜಾರಲ್ಲಿ ಅಮ್ಮನ ಚಪ್ಪಲಿ ಉಂಗುಟ ಕಿತ್ತೋಯ್ತು. ಹತ್ತಿರದಲ್ಲೇ ಗೋಡೆಗೆ ಒರಗಿ ಒಬ್ಬ ಹಿರಿಯರು ಚಪ್ಪಲಿ ಹೊಲಿಯೋಕೆ ಕೂತಿದ್ರು. ಚಪ್ಪಲಿಯನ್ನ ಕಾಲಿನ ಎರಡು ಹೆಬ್ಬೆರಳ ನಡುವೆ ಹಿಡಿದು, ದಾರಕ್ಕೆ ಮೇಣ ಸವರಿ, ಅಳತೆ ತಪ್ಪದ ಹಾಗೆ ಒಂದೊಂದೇ ಹೊಲಿಗೆ ಹಾಕ್ತಾ ಹೋದ್ರು, ಕಿತ್ತಿದ್ದು ಒಂದು ಕಡೆಯಾದ್ರೂ ಎರಡೂ ಚಪ್ಪಲಿ ತಗೊಂಡು ನೋಡಿ ಇನ್ನೊಂದಕ್ಕೂ ಎರಡು ಹೊಲಿಗೆ ಹಾಕಿ "ಇದೂ ಕಿತ್ತಾಂಗ ಆಗಿತ್ರಿ ಅವ್ವಾರ" ಅಂದ್ರು. 20 ರೂಪಾಯಿ ತಗೊಂಡ್ರು. ನಾವು ಹೊರಟಾಗ ಕೈ ಮುಗಿದು "ಶರಣು" ಅಂದ್ರು. ಮಾವ ತಲೆ ಅಲ್ಲಾಡಿಸಿ ಮುಂದೆ ಹೋದ್ರು, ನಾಲ್ಕು ಹೆಜ್ಜೆ ಹೋಗಿ ನಿಂತರು, ಏನನ್ನಿಸಿತೋ, ವಾಪಸ್ ಬಂದು ಬಗ್ಗಿ ಕೈ ಮುಗಿದು "ಶರಣು ಶರಣಾರ್ಥಿ" ಅಂದ್ರು.

ಮಾವ ಯಾಕೆ ವಾಪಸ್ ಬಂದ್ರು ಅಂತ ಹರಳಯ್ಯನವರ ಕಥೆ ಗೊತ್ತಿರೋರಿಗೆ ಹೇಳ್ಬೇಕಿಲ್ಲ. ಸಮಗಾರ ಹರಳಯ್ಯ "ಶರಣು" ಅಂದಾಗ ಬಸವಣ್ಣ "ಶರಣು ಶರಣಾರ್ಥಿ" ಅಂದ್ರಂತೆ, ನಾನು ಒಂದು ಶರಣು ಅಂದ್ರೆ ಅವರು ಎರಡು ಅಂದ್ರಲ್ಲ, ಈ ಭಾರ ಹೆಂಗೆ ತೀರಿಸಲಿ ಅಂತ ಹರಳಯ್ಯ ಮತ್ತೆ ಅವರ ಹೆಂಡತಿ ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಲ್ಲೇ ಚಮ್ಮಾವುಗೆ, ಅಂದ್ರೆ ಚಪ್ಪಲಿ, ಮಾಡಿ ತಂದ್ರಂತೆ. ಆ ಕಥೆ ಮಾವ ನಮಗೆ ಚಿಕ್ಕವರಿದ್ದಾಗ ಹತ್ತು ಸಲ ಹೇಳಿದ್ದಾರೆ.

ಎರಡನೇ ದಿನ: ಗವಿಗಳು, ಮತ್ತೆ ಕಲಬುರಗಿ

ಬೆಳಗ್ಗೆ ಚಳಿ ಇತ್ತು, ಕೆರೆ ಕಡೆಯಿಂದ ಬರೋ ಗಾಳಿಗೆ ಶಾಲು ಹೊದ್ದುಕೊಂಡೇ ನಡೆದ್ವಿ. ಹರಳಯ್ಯನವರ ಗವಿ, ಅಕ್ಕನಾಗಮ್ಮನವರ ಗವಿ, ನುಲಿಯ ಚಂದಯ್ಯನವರ ಗವಿ ಎಲ್ಲಾ ಬೇಗ ಹೋದ್ರೆ ಜನ ಇರಲ್ಲ, ಸಮಾಧಾನವಾಗಿ ಕೂರಬಹುದು. ಕಲ್ಯಾಣದ ಕೊನೆ ಕಥೆ ಎಲ್ಲರಿಗೂ ಗೊತ್ತಿರೋದೇ: ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮನೆತನದಿಂದ ಬಂದು ಶರಣರಾಗಿದ್ದ ಮಧುವರಸರ ಮಗಳಿಗೂ ಮದುವೆ ಆಯ್ತು, ಆಗ ಕಲ್ಯಾಣ ಆಳ್ತಿದ್ದ ರಾಜ ಬಿಜ್ಜಳ ಇಬ್ಬರು ತಂದೆಯರಿಗೂ ಎಳೆಹೂಟೆ ಶಿಕ್ಷೆ, ಅಂದ್ರೆ ಆನೆ ಕಾಲಿಗೆ ಕಟ್ಟಿ ಎಳೆಸೋ ಶಿಕ್ಷೆ, ಕೊಟ್ಟ, ಊರು ಹೊತ್ತಿ ಉರೀತು. ಜಗದೇವ ಮತ್ತೆ ಮೊಲ್ಲೆಬೊಮ್ಮ ಬಿಜ್ಜಳನ್ನ ಕೊಂದ್ರು ಅಂತ ಶರಣರ ಕಥೆಗಳು ಹೇಳ್ತವೆ. ಬಸವಣ್ಣ ಅಷ್ಟರಲ್ಲಿ ಕಲ್ಯಾಣ ಬಿಟ್ಟು ಕೂಡಲಸಂಗಮದ ದಾರಿ ಹಿಡಿದಿದ್ರು.

ಹರಳಯ್ಯನವರ ಗವಿ ಮುಂದೆ ಕಸ ಗುಡಿಸ್ತಿದ್ದ ಒಬ್ಬ ಅಜ್ಜನ ಹತ್ರ ಮಾವ ಇದನ್ನೇ ತೆಗೆದ್ರು. "ಅಲ್ರೀ ಯಜಮಾನ್ರ, ಇಷ್ಟು ಅನ್ಯಾಯ ಆದ್ರ ಸಿಟ್ಟು ಬರಬಾರ್ದೇನು? ಕೊಂದಿದ್ದು ಸರಿನೇ ಐತಿ." ಅಜ್ಜ ಪೊರಕೆ ಗೋಡೆಗೆ ಆನಿಸಿ ಸ್ವಲ್ಪ ಯೋಚನೆ ಮಾಡಿ, "ಸಿಟ್ಟು ಬರ್ತದ್ರಿ, ಬರಲ್ದೇ ಹ್ಯಾಂಗ. ಅವನ್ನ ಕೊಂದ ಮ್ಯಾಲ ಏನಾತು ನೋಡ್ರಿ, ಶರಣರಿಗೆ ಕಲ್ಯಾಣದಾಗ ಒಂದು ರಾತ್ರಿ ಮಲಗಾಕ ಜಾಗ ಉಳೀಲಿಲ್ಲ, ವಚನದ ಕಟ್ಟು ಹೊತ್ಕೊಂಡು ಉಳವಿ ತನಾ ಓಡಿದ್ರು" ಅಂದು ಮತ್ತೆ ಗುಡಿಸೋಕೆ ಶುರು ಮಾಡಿದ್ರು.

ಇಲ್ಲಿ ನನಗೆ ಅನ್ನಿಸಿದ್ದು ಹೇಳ್ತೀನಿ. ಬಸವಣ್ಣ ಅನ್ಯಾಯ ಸಹಿಸ್ಕೊಂಡು ಸುಮ್ಮನಿದ್ದವರಲ್ಲ. ಬಿಜ್ಜಳನ ಭಂಡಾರಿಯಾಗಿ ಅದೇ ಅರಮನೇಲಿ ಕೂತು, ಅದೇ ಊರಲ್ಲಿ ಜಾತಿ ಗೋಡೆ ಒಡೆದವರು. ಆದ್ರೆ ಎಲ್ಲಾ ಕುಸಿದು ಬಿದ್ದಾಗ, ಯಾರ ಮೇಲೆ ಬೇಕಾದ್ರೂ ಬೆರಳು ತೋರಿಸೋ ಹಕ್ಕು ಇದ್ದಾಗ, ಅವರು ಹೋಗಿದ್ದು ಚಿಕ್ಕಂದಿನಲ್ಲಿ ಪೂಜೆ ಮಾಡಿದ ಸಂಗಮನಾಥನ ಹತ್ರಕ್ಕೆ. ಸೋತು ಓಡಿಹೋದ್ರು ಅಂತ ಕೆಲವರು ಹೇಳ್ತಾರೆ, ನಾನು ಒಪ್ಪಲ್ಲ. ಅನ್ಯಾಯದ ವಿರುದ್ಧ ನಿಲ್ಲೋದು ಬೇರೆ, ಎದೆಯೊಳಗೆ ಹಗೆ ಸಾಕೋದು ಬೇರೆ. ಮೊದಲನೇದನ್ನ ಜೀವಮಾನ ಪೂರ್ತಿ ಮಾಡಿದೋರು ಎರಡನೇದನ್ನ ಮಾಡೋಕೆ ಒಪ್ಪಲಿಲ್ಲ.

ಮಧ್ಯಾಹ್ನ ಖಾನಾವಳೀಲಿ ಜೋಳದ ರೊಟ್ಟಿ, ಪುಂಡಿಪಲ್ಯ, ಎಣ್ಣೆಗಾಯಿ, ಶೇಂಗಾ ಹಿಂಡಿ. ಸಂಜೆ ವಾಪಸ್ ಕಲಬುರಗಿಗೆ ಬಂದು ಶರಣಬಸವೇಶ್ವರ ಗುಡಿಗೆ ಹೋದ್ವಿ. ಶರಣಬಸಪ್ಪನವರು ಹೊಲಕ್ಕೆ ಬಂದ ಹಕ್ಕಿಗಳನ್ನ ಓಡಿಸದೆ ಅವುಗಳಿಗೆ ನೀರಿಡ್ತಿದ್ರು ಅಂತ ಆ ಕಡೆ ಜನ ಇವತ್ತಿಗೂ ಹೇಳ್ತಾರೆ. ಅಮ್ಮ ಆ ಕಥೆ ಹೇಳಿದಾಗ ಮಾವ ಏನೂ ಮಾತಾಡಲಿಲ್ಲ, ಊಟದಿಂದಲೂ ಬೇಗ ಎದ್ರು.

ಮೂರನೇ ದಿನ: ಜೇವರ್ಗಿ, ಸಿಂದಗಿ, ದೇವರ ಹಿಪ್ಪರಗಿ, ಬಾಗೇವಾಡಿ

ಅವತ್ತು ಎಳ್ಳ ಅಮಾವಾಸ್ಯೆ. ನಮ್ಮ ಕಡೆ ಅಷ್ಟಾಗಿ ಇಲ್ಲ, ಕಲಬುರಗಿ, ಬೀದರ್, ವಿಜಯಪುರ ಕಡೆ ಅದು ದೊಡ್ಡ ಹಬ್ಬ, ಊರಿಗೆ ಊರೇ ಹೊಲಕ್ಕೆ ಹೋಗುತ್ತೆ. ಅವತ್ತು ಅಂಗಡಿ, ಹೋಟೆಲ್ ಹೆಚ್ಚಿನವು ಮುಚ್ಚಿರ್ತವೆ, ಆ ದಿನ ಆ ಕಡೆ ಓಡಾಡೋರು ಬೆಳಗ್ಗೇನೇ ತಿಂಡಿ ಕಟ್ಟಿಸ್ಕೊಂಡು ಹೊರಡೋದು ಒಳ್ಳೇದು. ನಾವು ಕಟ್ಟಿಸ್ಕೊಂಡಿರಲಿಲ್ಲ.

ಕಟ್ಟಿಸಂಗಾವಿ ಹತ್ರ ಭೀಮಾ ನದಿ ದಾಟಿ, ಜೇವರ್ಗಿ ಮೇಲೆ ಸಿಂದಗಿ ರಸ್ತೆ ಹಿಡಿದ್ವಿ. ದಾರಿ ಉದ್ದಕ್ಕೂ ಎತ್ತಿನ ಗಾಡಿ, ಟ್ರ್ಯಾಕ್ಟರ್, ಟಂಟಂ, ಎಲ್ಲದರ ತುಂಬಾ ಜನ, ಹೆಣ್ಣುಮಕ್ಕಳು ಇಳಕಲ್ ಸೀರೆ ಉಟ್ಟು ಬುಟ್ಟಿ ತೊಡೆ ಮೇಲೆ ಇಟ್ಕೊಂಡು ಕೂತಿದ್ರು, ಎತ್ತಿನ ಕೋಡಿಗೆ ಬಣ್ಣ, ಕೊರಳಿಗೆ ಗೆಜ್ಜೆ. ಬಿಳಿಜೋಳ ಎದೆಮಟ್ಟ ಬಂದಿತ್ತು, ಕಡಲೆ ಹೊಲ ಹಸಿರು ಚಾಪೆ, ಮಧ್ಯೆ ಮಧ್ಯೆ ಕುಸುಬೆ. ಆ ಎರೆಭೂಮಿ ನೋಡಿ ಮಾವ ಕಾರು ನಿಲ್ಲಿಸಿ ಇಳಿದು ಒಂದು ಹಿಡಿ ಮಣ್ಣು ಕೈಯಲ್ಲಿ ಪುಡಿ ಮಾಡಿ ನೋಡಿದ್ರು.

ಸಿಂದಗಿ ದಾಟಿದ ಮೇಲೆ ಹಿಂದಿನ ಚಕ್ರ ಪಂಚರ್. ಸ್ಟೆಪ್ನಿ ತೆಗೆದ್ರೆ ಅದರಲ್ಲೂ ಗಾಳಿ ಇಲ್ಲ. ಮಾವ ಶುರು ಹಚ್ಚಿಕೊಂಡ್ರು ನೋಡಿ, ಆ ಹುಡುಗನಿಗೆ ಬೈದ್ರು, ಅವನ ಮಾಲೀಕನಿಗೆ ಬೈದ್ರು, ರಸ್ತೆ ಮಾಡಿದೋರಿಗೆ ಬೈದ್ರು, ಇವತ್ತಿನ ದಿನ ನೋಡಿ ಹೊರಟಿದ್ದಕ್ಕೆ ಅಮ್ಮನಿಗೂ ಒಂದು ಮಾತು ಬಿತ್ತು. ಹುಡುಗ ಒಂದೂ ಮಾತಿಗೆ ಉತ್ತರ ಕೊಡದೆ ಬಿಸಿಲಲ್ಲಿ ಮಂಡಿಯೂರಿ ನಟ್ಟು ಬಿಚ್ತಾ ಇದ್ದ, ಸ್ಪ್ಯಾನರ್ ಜಾರಿ ಕೈಬೆರಳ ಗೆಣ್ಣು ಸುಲಿದು ರಕ್ತ ಬಂತು, ಅದನ್ನ ಪ್ಯಾಂಟಿಗೆ ಒರೆಸ್ಕೊಂಡು ಮತ್ತೆ ಬಿಚ್ಚೋಕೆ ಶುರು ಮಾಡಿದ. ಮಾವನ ಬೈಗುಳ ಅಲ್ಲಿಗೆ ನಿಂತ್ಹೋಯ್ತು. ತಮ್ಮ ಕರ್ಚೀಫ್ ತೆಗೆದು ಅವನ ಕೈಗೆ ಕಟ್ಟಿದ್ರು.

ಪಕ್ಕದ ಹೊಲದಿಂದ ಒಬ್ಬರು ಕೂಗಿದ್ರು, "ಏ ಬರ್ರೀ, ಇವತ್ತ ಯಾರೂ ಉಪಾಸ ಹೋಗಂಗಿಲ್ಲ, ಚಕ್ರ ಆಮ್ಯಾಲ ನೋಡೋಣು." ಹುಡುಗ ಒಬ್ಬರ ಬೈಕ್ ಮೇಲೆ ಎರಡೂ ಟೈರ್ ಹೇರ್ಕೊಂಡು ಗಾಳಿ ಹಾಕಿಸೋಕೆ ಹೋದ, ನಾವು ಹೊಲಕ್ಕೆ ಇಳಿದ್ವಿ. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಪಾಂಡವರು ಅಂತ ಪೂಜೆ ಮಾಡಿದ್ರು, ಅದರ ಮುಂದೆ ನೈವೇದ್ಯ, ಮನೆ ಯಜಮಾನ ಹೊಲದ ಸುತ್ತ ಚರಗ, ಅಂದ್ರೆ ಭೂಮಿತಾಯಿಗೆ ನೈವೇದ್ಯದ ಅಡುಗೆ, ಚೆಲ್ಲಿ ಬಂದಿದ್ರು. ಆಮೇಲೆ ಎಲ್ಲರೂ ಸಾಲಾಗಿ ಕೂತ್ವಿ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಕಾಳು ಸೊಪ್ಪು ಎಲ್ಲಾ ಹಾಕಿ ಮಾಡಿದ ಭಜ್ಜಿ, ಕಡುಬು, ಶೇಂಗಾ ಹೋಳಿಗೆ, ಮಡಿಕೆಯಲ್ಲಿ ತಂಪಾದ ಅಂಬಲಿ. ಬಡಿಸೋರು ಕೈ ಅಡ್ಡ ಹಿಡಿದ್ರೂ ಬಿಡಲ್ಲ. ಡ್ರೈವರ್ ಹುಡುಗ ವಾಪಸ್ ಬಂದ ಮೇಲೆ ಅವನಿಗೆ ಮಾವನೇ ಪಕ್ಕ ಕೂರಿಸ್ಕೊಂಡು ಭಜ್ಜಿ ಬಡಿಸಿದ್ರು.

ಊಟದ ಮಧ್ಯೆ ಗೊತ್ತಾಯ್ತು, ಅಲ್ಲಿದ್ದದ್ದು ಅಣ್ಣತಮ್ಮಂದಿರ ಎರಡು ಮನೆ, ಹೊಲ ಪಾಲಾಗಿ ತುಂಬಾ ವರ್ಷ ಆಗಿದೆ. ಮಾವ ಕೇಳಿಯೇಬಿಟ್ರು, ಜಗಳ ಇಲ್ವಾ ಅಂತ. "ಜಗಳ ಆಗ್ತಾವ್ರಿ, ಹೋದ ವರ್ಷ ನೀರಿನ ಸಲುವಾಗಿ ಆರು ತಿಂಗಳು ಮಾತ ಬಿಟ್ಟಿದ್ವಿ" ಅಂತ ತಮ್ಮ ಹೇಳಿದ್ರೆ, ಅಣ್ಣ ರೊಟ್ಟಿ ಮುರೀತಾ "ಒಲಿ ಬ್ಯಾರೆ ಆಗ್ಯಾವ, ಚರಗ ಒಂದ ಐತಿ. ಅಮಾಸಿ ದಿನ ಬರಲ್ದೇ ಇದ್ರ ಭೂಮಿತಾಯಿಗೆ ಏನ್ ಹೇಳೂದು" ಅಂದ್ರು. ಅಷ್ಟೇ ಮಾತು. ಆಮೇಲೆ ತೊಗರಿ ರೇಟಿನ ಬಗ್ಗೆ ಹರಟೆ ಶುರುವಾಯ್ತು, ಮಾವನೂ ಅದರಲ್ಲಿ ಸೇರ್ಕೊಂಡ್ರು. ಹೊರಡೋವಾಗ ಅವರ ಮನೆಯವರು ನಮಗೆ ಹೋಳಿಗೆ ಕಟ್ಟಿಕೊಟ್ರು, ದುಡ್ಡಿನ ಮಾತು ಎತ್ತೋಕೂ ನಾಚಿಕೆ ಆಯ್ತು.

ದೇವರ ಹಿಪ್ಪರಗಿ ಸಣ್ಣ ಊರು, ಮಡಿವಾಳ ಮಾಚಯ್ಯನವರ ಊರು. ಗುಡಿಗೆ ಹೋಗಿ ಸ್ವಲ್ಪ ಹೊತ್ತು ಕೂತ್ವಿ. ಕಲ್ಯಾಣದಿಂದ ಹೊರಟ ಶರಣರನ್ನ, ವಚನಗಳನ್ನ ಕಾಪಾಡೋಕೆ ಬಿಜ್ಜಳನ ಕಡೆಯವರ ಸೈನ್ಯಕ್ಕೆ ಎದುರು ನಿಂತವರು ಅಂತ ಅವರನ್ನ ನೆನೀತಾರೆ. ಮಾವ "ನೋಡು, ಕತ್ತಿ ಹಿಡಿದೋರೂ ಇದ್ರಲ್ಲ" ಅಂದ್ರು. ಅಮ್ಮ ಬಿಡಲಿಲ್ಲ, "ಮಾಚಯ್ಯ ಹಿಂದೆ ಬರ್ತಿದ್ದವರನ್ನ ಉಳಿಸೋಕೆ ಕತ್ತಿ ಹಿಡಿದ, ನೀನು ಯಾರನ್ನ ಉಳಿಸ್ತಿದ್ದೀಯ ಹೇಳು" ಅಂದ್ರು. ಅಮ್ಮ ಅಷ್ಟು ನೇರವಾಗಿ ಮಾವನಿಗೆ ಮಾತಾಡಿದ್ದು ನಾನು ಯಾವತ್ತೂ ಕೇಳಿರಲಿಲ್ಲ.

ಮಾಚಯ್ಯನವರ ಬಗ್ಗೆ ಇನ್ನೊಂದು ಕಥೆ ಇದೆ, ನನಗೆ ಎಲ್ಲಕ್ಕಿಂತ ಇಷ್ಟ. ಬಂದ ಜಂಗಮರಿಗೆಲ್ಲಾ ಕೇಳಿದ್ದು ಕೊಟ್ಟು ಕೊಟ್ಟು, ಒಂದಿನ ಬಸವಣ್ಣ ಬೇಡೋ ಭಕ್ತರಿಲ್ಲದೆ ನಾನು ಬಡವನಾದೆ ಅಂದ್ರಂತೆ. ಕೇಳೋಕೆ ಭಕ್ತಿಯ ಮಾತೇ. ಮಾಚಯ್ಯನವರಿಗೆ ಅದರಲ್ಲಿ ಅಹಂಕಾರ ಕಾಣಿಸ್ತು, ನೇರವಾಗಿ ಬಂದು ತರಾಟೆಗೆ ತಗೊಂಡ್ರಂತೆ. ಮಂತ್ರಿಗೆ ಮಡಿವಾಳ ಹೇಳೋದಾ ಅನ್ನೋ ಕಾಲ ಅದು. ಬಸವಣ್ಣ ವಾದ ಮಾಡಲಿಲ್ಲ, ನೀನು ಹೇಳಿದ್ದು ಸರಿ ಅಂತ ಬಾಗಿದ್ರು. ಲೋಕದ ಡೊಂಕ ನೀವೇಕೆ ತಿದ್ದುವಿರಿ, ನಿಮ್ಮ ನಿಮ್ಮ ಮನವ ಸಂತೈಸಿಕೊಳ್ಳಿ ಅಂದವರು ಅದನ್ನ ಮೊದಲು ತಮ್ಮ ಮೇಲೇ ಹಾಕ್ಕೊಂಡಿದ್ರು, ಅದಕ್ಕೇ ಆ ಮಾತಿಗೆ ಅಷ್ಟು ತೂಕ. ನಾವು ಅದೇ ವಚನವನ್ನ ಬೇರೆಯವರಿಗೆ ಹೇಳೋಕೆ ಬಳಸ್ತೀವಿ.

ಬಸವನ ಬಾಗೇವಾಡಿ ಸೇರಿದಾಗ ಕತ್ತಲಾಗಿತ್ತು. ಗುಡಿ ದರ್ಶನ, ಯಾತ್ರಿನಿವಾಸದಲ್ಲಿ ರೂಮು, ಹೊಲದವರು ಕಟ್ಟಿಕೊಟ್ಟ ಹೋಳಿಗೆಯೇ ರಾತ್ರಿ ಊಟ.

ನಾಲ್ಕನೇ ದಿನ: ಕೂಡಲಸಂಗಮ

ಬೆಳಗಿನ ಜಾವ ಬಾಗೇವಾಡಿ ಬಿಟ್ವಿ. ಕೃಷ್ಣೆ ದಾಟೋವಾಗ ಮಂಜು ಇತ್ತು, ಡ್ರೈವರ್ ಹುಡುಗ ಲೈಟ್ ಹಾಕ್ಕೊಂಡು ನಿಧಾನವಾಗಿ ಓಡಿಸಿದ. ಕೂಡಲಸಂಗಮಕ್ಕೆ ಆದಷ್ಟು ಬೇಗ ಹೋಗಿ, ಒಂಬತ್ತು ಗಂಟೆ ಮೇಲೆ ಬಸ್ಸುಗಳಲ್ಲಿ ಶಾಲೆ ಮಕ್ಕಳ ಟೂರು ಬರೋಕೆ ಶುರುವಾಗುತ್ತೆ.

ಕೃಷ್ಣೆ, ಮಲಪ್ರಭೆ ಸೇರೋ ಜಾಗ. ಈಗ ಅಲ್ಲಿ ಎರಡು ನದಿ ಬೇರೆ ಬೇರೆಯಾಗಿ ಕಾಣೋದು ಕಷ್ಟ, ನಾರಾಯಣಪುರದ ಬಸವಸಾಗರ ಅಣೆಕಟ್ಟಿನ ಹಿನ್ನೀರು ಸಮುದ್ರದ ಹಾಗೆ ಹರಡ್ಕೊಂಡಿದೆ. ದಡದಲ್ಲಿ ಚಾಲುಕ್ಯ ಶೈಲಿಯ ಸಂಗಮನಾಥನ ಗುಡಿ, ನೀರಿನ ಮಧ್ಯೆ ಬಸವಣ್ಣನವರ ಐಕ್ಯಮಂಟಪ. ಹಿನ್ನೀರಲ್ಲಿ ಮುಳುಗದೆ ಇರಲಿ ಅಂತ ಅದರ ಸುತ್ತ ಎತ್ತರಕ್ಕೆ ದುಂಡನೆ ಕಾಂಕ್ರೀಟ್ ಗೋಡೆ ಕಟ್ಟಿದ್ದಾರೆ, ದಡದಿಂದ ಸೇತುವೆ ಮೇಲೆ ನಡ್ಕೊಂಡು ಹೋಗಿ, ಬಾವಿಗೆ ಇಳಿದ ಹಾಗೆ ಮೆಟ್ಟಿಲು ಇಳೀಬೇಕು. ಮೊಣಕಾಲು ನೋವಿರೋರು ನಿಧಾನವಾಗಿ ಇಳೀರಿ, ಹತ್ತೋವಾಗ ದಮ್ಮು ಕಟ್ಟುತ್ತೆ. ತಳಕ್ಕೆ ಹೋದ್ರೆ ಸುತ್ತ ಗೋಡೆಯ ಆಚೆ ನೀರು, ಒಳಗೆ ಒಣನೆಲದಲ್ಲಿ ಹಳೇ ಕಲ್ಲಿನ ಮಂಟಪ, ಮಧ್ಯೆ ಲಿಂಗ. ಮಂಟಪದ ಕಂಬಗಳು ನುಣುಪಾಗಿವೆ. ಮೇಲೆ ನೋಡಿದ್ರೆ ದುಂಡನೆಯ ಆಕಾಶ.

ನಾವು ಇಳಿದಾಗ ಬೇರೆ ಯಾರೂ ಇರಲಿಲ್ಲ. ಅಮ್ಮ ವಚನ ಶುರು ಮಾಡಿದ್ರು, "ತನಗೆ ಮುನಿವರಿಗೆ ತಾ ಮುನಿಯಲೇಕಯ್ಯಾ". ಕೋಪದ ಮೇಲಿನ ವಚನ ಅದು, ಮೈಯ ಕೋಪ ತನ್ನ ಹಿರಿಯತನಕ್ಕೇ ಕೇಡು, ಮನಸ್ಸಿನ ಕೋಪ ತನ್ನ ಅರಿವಿಗೇ ಕೇಡು ಅಂತ ಹೇಳ್ತಾ ಹೋಗುತ್ತೆ. ಅರ್ಧಕ್ಕೆ ಅಮ್ಮನ ದನಿ ಕಟ್ಟಿತು. ಮಾವನೇ ಮುಂದುವರೆಸಿದ್ರು, "ಮನೆಯೊಳಗಣ ಕಿಚ್ಚು ಮನೆಯ ಸುಟ್ಟಲ್ಲದೆ ನೆರೆಮನೆಯ ಸುಡುವುದೆ ಕೂಡಲಸಂಗಮದೇವಾ". ಈ ವಚನ ಅವರಿಗೆ ಅಜ್ಜ ಕಲಿಸಿದ್ದು, ಇಬ್ಬರು ಗಂಡುಮಕ್ಕಳಿಗೂ ಒಟ್ಟಿಗೆ ಕೂರಿಸಿ ಕಲಿಸಿದ್ದು.

ಆಮೇಲೆ ಮಾವ ಅಲ್ಲೇ ನೆಲದ ಮೇಲೆ ಕೂತು ಹೇಳಿದ ಮಾತು ನಾನು ಮರೆಯಲ್ಲ. "ಇಷ್ಟು ವರ್ಷ ಪೂಜಿಗೆ ಕುಂತಾಗೆಲ್ಲ ದೇವರ ಮುಂದ ಅಣ್ಣನ ಮ್ಯಾಲ ಕಂಪ್ಲೇಂಟ್ ಕೊಡ್ತಿದ್ದೆ. ಅವನಿಗೆ ಹಿಂಗ ಮಾಡು, ಅವನಿಗೆ ಬುದ್ಧಿ ಕೊಡು. ನನಗ ಬುದ್ಧಿ ಕೊಡು ಅಂತ ಒಂದಿನಾ ಕೇಳಿಲ್ಲ ನೋಡು." ಅಮ್ಮ ಪಕ್ಕ ಹೋಗಿ ಕೂತ್ರು. ಸ್ವಲ್ಪ ಹೊತ್ತಾದ ಮೇಲೆ ಮಾವ "ಅಣ್ಣಂದು ಶುಗರ್ ಹೆಂಗೈತಿ ಈಗ? ಕಾಲಿಗೆ ಗಾಯ ಆಗಿತ್ತಂತಲ್ಲ" ಅಂತ ಕೇಳಿದ್ರು. ಹೆಸರು ಹೇಳದೆ 'ಅವನು' ಅಂತಾನೇ ಕರೀತಿದ್ದ ಮನುಷ್ಯ, ಎರಡು ಸಲ ಅಣ್ಣ ಅಂದ್ರು. ಅಮ್ಮ ಡಾಕ್ಟರ್ ಹೇಳಿದ್ದು, ಡ್ರೆಸ್ಸಿಂಗ್‌ಗೆ ಹೋಗ್ತಿರೋದು ಎಲ್ಲಾ ಹೇಳ್ತಾ ಹೋದ್ರು, ಅಣ್ಣತಂಗಿ ಇಬ್ಬರೂ ಆ ಕಲ್ಲಿನ ಮೇಲೆ ಕೂತು ಮನೆ ಜಗಲಿ ಮೇಲೆ ಮಾತಾಡೋ ಹಾಗೆ ಮಾತಾಡಿದ್ರು.

ದೇವರ ಮೇಲಿನ ನಂಬಿಕೆ ಅಂದ್ರೆ ನನಗೆ ಅಲ್ಲಿ ಅರ್ಥ ಆಗಿದ್ದು ಇಷ್ಟು. ನ್ಯಾಯದ ಲೆಕ್ಕ ಇಟ್ಟುಕೊಳ್ಳೋಕೆ ಅವನಿದ್ದಾನೆ ಅಂತ ನಿಜವಾಗಿ ನಂಬಿದ್ರೆ, ಆ ಲೆಕ್ಕದ ಪುಸ್ತಕ ನಾವು ಹಗಲು ರಾತ್ರಿ ಕೈಯಲ್ಲಿ ಹಿಡ್ಕೊಂಡು ಓಡಾಡಬೇಕಿಲ್ಲ. ಕೈ ಖಾಲಿ ಆದ್ರೆ ನಮ್ಮ ಕೆಲಸ ನೋಡಬಹುದು, ನಮ್ಮ ನಾಲಿಗೆ, ನಮ್ಮ ಹೊಲ, ನಮ್ಮ ಮಕ್ಕಳು. ಮಾವ ಸಂಗಮನಾಥನ ಗುಡೀಲಿ ಉದ್ದಂಡ ನಮಸ್ಕಾರ ಹಾಕಿ ಏಳೋಕೆ ತುಂಬಾ ಹೊತ್ತು ತಗೊಂಡ್ರು, ಅರ್ಚಕರು ಹುಷಾರಿದ್ದಾರಾ ಅಂತ ನನ್ನ ಕೇಳಿದ್ರು.

ದಾಸೋಹದಲ್ಲಿ ಪ್ರಸಾದ ತಗೊಂಡು ಮಧ್ಯಾಹ್ನ ಹೊರಟ್ವಿ. ನದಿಯ ಆ ದಡದಲ್ಲಿ ತಂಗಡಗಿ ಇದೆ, ಬಸವಣ್ಣನವರ ಹೆಂಡತಿ ನೀಲಮ್ಮನವರು ಐಕ್ಯ ಆದ ಊರು, ನಮಗೆ ಹೋಗೋಕೆ ಆಗಲಿಲ್ಲ, ಟೈಮ್ ಇರೋರು ಅದನ್ನ ಸೇರಿಸ್ಕೊಳ್ಳಿ. ಹುನಗುಂದದಲ್ಲಿ ಕಾರು ಬಿಟ್ವಿ. ಅಲ್ಲಿ ಅಮೀನಗಡ ಕರದಂಟು ತಗೊಂಡಾಗ ಮಾವ ಒಂದು ಡಬ್ಬಿ ಡ್ರೈವರ್ ಹುಡುಗನ ಕೈಗೆ ಕೊಟ್ಟು, "ತಮ್ಮಾ, ಅವತ್ತ ಭಾಳ ಮಾತಾಡಿದೆ, ಮನಸಿನಾಗ ಇಟ್ಕೋಬ್ಯಾಡ" ಅಂದ್ರು. ಹುಡುಗ "ಇರ್ಲಿ ಬಿಡ್ರಿ ಯಜ್ಜಾ" ಅಂತ ಮಾವನ ಕಾಲು ಮುಟ್ಟಿದ.

ಬಂದ ಮೇಲೆ

ಊರಿಗೆ ಬಂದ ಮಾರನೇ ವಾರ ಮಾವ ದೊಡ್ಡಮಾವನ ಮನೆಗೆ ಹೋದ್ರು. ಸಿನಿಮಾದಲ್ಲಿ ಆಗೋ ಹಾಗೆ ಏನೂ ಆಗಲಿಲ್ಲ. ದೊಡ್ಡಮಾವ ಒಳಗೆ ಬಾ ಅಂದ್ರು, ಚಹಾ ಕೊಟ್ರು, ಕಾಲಿನ ಗಾಯದ ಬಗ್ಗೆ ಎರಡು ಮಾತು, ಮತ್ತೆ ಬದುವಿನ ವಿಷಯ ಬಂದ ತಕ್ಷಣ ಮುಖ ಗಂಟಾಯ್ತು, "ಅದೆಲ್ಲ ಮುಗಿದ ಕಥಿ" ಅಂತ ಎದ್ದು ಹೋದ್ರಂತೆ. ಹಳೇ ಮಾವ ಆಗಿದ್ರೆ ಬೀದೀಲಿ ನಿಂತು ಕೂಗಾಡ್ತಿದ್ರು. ಈ ಸಲ ಮನೆಗೆ ಬಂದು ಸುಮ್ಮನೆ ಪೂಜೆಗೆ ಕೂತ್ರಂತೆ, ಅತ್ತೆ ಫೋನಲ್ಲಿ ಹೇಳಿದ್ರು.

ಹಕ್ಕು ಬಿಟ್ಟುಕೊಟ್ರು ಅಂತಲ್ಲ, ಬಿಡಬೇಕಾಗೂ ಇಲ್ಲ. ಹದ್ದುಬಸ್ತು ಅಳತೆಗೆ, ಅಂದ್ರೆ ಸರ್ವೆಯವರು ಬಂದು ಹೊಲದ ಗಡಿ ಗುರುತಿಸೋಕೆ, ಅರ್ಜಿ ಹಾಕಿದ್ದಾರೆ. ಮೊದಲೇ ಮಾಡಬಹುದಿತ್ತು, ಇಷ್ಟು ವರ್ಷ ಬೈಯೋದರಲ್ಲೇ ಹೋಯ್ತು. ನೋಟಿಸ್ ಬರೋಕೆ ಮುಂಚೆ ತಾವೇ ಹೋಗಿ ಅಣ್ಣನಿಗೆ ಹೇಳಿ ಬಂದ್ರು, "ಅಳತಿ ಹೆಂಗ ಬರ್ತದೋ ಹಂಗ ಒಪ್ಕೋತೀನಿ, ನನ್ನ ಕಡೆ ತಪ್ಪಿದ್ರ ನಾನ ಬದು ಹಿಂದಕ್ಕ ಸರಸ್ತೀನಿ" ಅಂತ. ದೊಡ್ಡಮಾವ ಹ್ಞೂಂ ಅಂದಿಲ್ಲ, ಊಹೂಂ ಅಂದಿಲ್ಲ. ಅಮ್ಮ ಈ ಸಲ ಯುಗಾದಿಗೆ ತವರಿಗೆ ಹೋಗ್ತೀನಿ ಅಂತ ಹೇಳಿದ್ದಾರೆ, ಇಬ್ಬರ ಮನೇಲೂ ಉಣ್ತೀನಿ, ಯಾರು ಏನಂದ್ರೂ ಸರಿ ಅಂತ. ಸರ್ವೆಯವರು ಬರೋ ದಿನ ಗೊತ್ತಾದ್ರೆ ನಾನೂ ರಜೆ ಹಾಕಿ ಹೋಗ್ತೀನಿ, ಚೈನು ಹಿಡಿಯೋಕೆ ಎರಡೂ ಕಡೆಗೆ ಒಬ್ಬೊಬ್ಬರು ಬೇಕಂತೆ, ನಾನು ದೊಡ್ಡಮಾವನ ಕಡೆ ನಿಲ್ಲಬೇಕು ಅಂತ ಸಣ್ಣಮಾವನೇ ಹೇಳಿದ್ದಾರೆ.